ಆಮೆನ್ ತನಕ ನಿಲ್ಲುವ ನೀರು

ರಾಯಿಕೋಡಿನ ಭೂದೇವಿಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಕುರಿ ಕಾಯುವವರ ಮನೆಗೇ ಸೊಸೆಯಾಗಿ ಬಂದವಳು ಆಕೆ. ಕುರಿಗಳನ್ನೂ ಜನರನ್ನೂ ಹತ್ತಿರದಿಂದ ನೋಡಿ, ಬುದ್ಧಿಯಲ್ಲಿ ಕುರಿಯೇ ಒಂದು ಕೈ ಮೇಲು ಎಂದು ತೀರ್ಮಾನ ಮಾಡಿಕೊಂಡಿದ್ದಳು. ಮೂವತ್ತು ದಾಟಿದ ಮೇಲೆ ಗಂಡ ಧರ್ಮಣ್ಣನ ಜೊತೆ ಕ್ರಿಸ್ತನ ಮಾರ್ಗ ಹಿಡಿದಾಗ ಪಾದ್ರಿಗಳು ಆಕೆಗೆ ಮಾರ್ಥಾ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಕೂಗಿದರೆ ಆಕೆ ಹಿಂದೆ ತಿರುಗಿ, ಯಾರು ಬಂದರು ಎಂದು ನೋಡುತ್ತಿದ್ದಳು. ಕೊನೆಗೆ ಪಾದ್ರಿಗಳೂ ಸೋತು ಭೂದೇವಿ ಎಂದೇ ಕರೆಯತೊಡಗಿದರು.

ಆಗ ನಿಜಾಮರ ರಾಜ್ಯ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಜಹೀರಾಬಾದಿನ ಸಾವುಕಾರ ವೀರಪ್ಪ ಸಂತೆಯ ದಿನ ಬಂಡಿ ಕಟ್ಟಿಕೊಂಡು ರಾಯಿಕೋಡಿಗೆ ಕಂಬಳಿ ಕೊಳ್ಳಲು ಬರುತ್ತಿದ್ದ. ಕೊಳ್ಳುವ ಮೊದಲು ರಾಶಿಯಿಂದ ತಾನೇ ಒಂದು ಕಂಬಳಿ ಎಳೆಯುತ್ತಿದ್ದ. ನಾಲ್ವರು ಅದರ ನಾಲ್ಕು ಮೂಲೆ ಹಿಡಿದು ತೊಟ್ಟಿಲಿನಂತೆ ತೂಗಬಿಡಬೇಕು. ಭೂದೇವಿ ನಡುವೆ ಒಂದು ತಂಬಿಗೆ ನೀರು ಸುರಿಯಬೇಕು. ಒಳ್ಳೆಯ ಉಣ್ಣೆಯ ಬಿಗಿ ನೇಯ್ಗೆಯಾದರೆ ನೀರು ಕೆರೆಯ ಹಾಗೆ ನಿಲ್ಲುತ್ತದೆ. ಮೋಸದ ಮಾಲಾದರೆ ಸೋರುತ್ತದೆ. ಹಿಂದೆ ಆಕೆಯ ಅತ್ತೆ ಒಂದು ಎಲೆಯಡಿಕೆ ಜಗಿದು ಮುಗಿಸುವ ತನಕ ಕಾಯುತ್ತಿದ್ದಳಂತೆ. ಭೂದೇವಿ ಕ್ರೈಸ್ತಳಾದ ಮೇಲೆ ಎಲೆಯಡಿಕೆ ಬಿಟ್ಟು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಂದು ಸಲ ಗಟ್ಟಿಯಾಗಿ ಹೇಳುತ್ತಿದ್ದಳು. ಆಮೆನ್ ಎನ್ನುವ ತನಕ ಹನಿ ಬೀಳದಿದ್ದರೆ ರಾಶಿಯೆಲ್ಲ ಪಾಸು. ವೀರಪ್ಪ ಲಿಂಗ ಕಟ್ಟಿದವನು, ಆ ಪ್ರಾರ್ಥನೆಯ ಒಂದು ಅಕ್ಷರ ಅವನಿಗೆ ಗೊತ್ತಿಲ್ಲ. ಆದರೂ ಆಮೆನ್ ಕೇಳಿಸಿತೆಂದರೆ ಬಂಡಿಯವನಿಗೆ ಮಾಲು ಹೇರು ಎಂದು ಕೈ ಮಾಡುತ್ತಿದ್ದ. ಭೂದೇವಿಯ ಬಾಯಿಗೆ ಅಷ್ಟು ಬೆಲೆಯಿತ್ತು, ಮತ್ತು ಅದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು.

ಪ್ರಾರ್ಥನೆಯ ಗುಡಿಸಲಿನಲ್ಲಿ ಹಿರಿಯನೆನಿಸಿಕೊಂಡವನು ಕಾಶಿರಾಮ. ಅವನು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರೆ ಹಾಲು ಕಾಯಿಸಿ ಆರಿಸಬಹುದಿತ್ತು, ಅಷ್ಟು ಉದ್ದ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಎಂಬ ಮಾತು ಇವನಿಗಾಗಿಯೇ ಹುಟ್ಟಿದ್ದೆಂದು ಭೂದೇವಿ ನಂಬಿದ್ದಳು. ಬುದ್ಧಿ ಬೇಕಾದವರು ಬೇಡಿಕೊಂಡರೆ ದೇವರು ಕೊಡುತ್ತಾನೆ ಎಂದು ಪಾದ್ರಿಗಳು ಹೇಳಿದ ದಿನದಿಂದ ಆಕೆ ಬಿಡದೆ ಬೇಡುತ್ತಿದ್ದಳು: ಕಾಶಿರಾಮನಿಗೆ ಬುದ್ಧಿ ಕೊಡು, ನನ್ನ ಗಂಡನಿಗೆ ಬುದ್ಧಿ ಕೊಡು, ಸಾಧ್ಯವಾದರೆ ಊರಿಗೂ ಸ್ವಲ್ಪ ಕೊಡು. ತನಗೆ ಬೇಕೆಂದು ಮಾತ್ರ ಎಂದೂ ಅನಿಸಿರಲಿಲ್ಲ.

ಆ ಬೇಸಿಗೆಯಲ್ಲಿ ತಾಂಡೂರಿನ ಬಂಡೆ ಗಣಿಯ ಗುತ್ತಿಗೆದಾರನೊಬ್ಬ, ಮಳೆಗಾಲದಲ್ಲಿ ಕೂಲಿಯವರು ಹೊದೆಯಲು ಇನ್ನೂರು ಕಂಬಳಿ ಬೇಕೆಂದು ವೀರಪ್ಪನಿಗೆ ಹೇಳಿದ. ವೀರಪ್ಪ, ಊರಿನ ಮಗ್ಗಗಳಿಂದ ಮಾಲು ಕೂಡಿಸಿ ಕೊಡುತ್ತಿದ್ದ ಕಾಶಿರಾಮನಿಗೆ ಹೇಳಿದ. ಕಾಶಿರಾಮ ಒಂದು ಮಧ್ಯಾಹ್ನ ಭೂದೇವಿಯ ಅಂಗಳಕ್ಕೆ ಬಂದ. ಅಲ್ಲಿಯವರೆಗೆ ತಂಗಿ ಎನ್ನುತ್ತಿದ್ದವನು ಅಂದು ಕೂಡುವ ಮೊದಲೇ ಬೀಗತಿ ಎಂದ.

"ಬೀಗತಿ, ನಿಮ್ಮ ಕೌಶಲ್ಯಾನ ನಮ್ಮ ಹುಡುಗಗ ಕೇಳಾಕ ಬಂದೀನಿ."

ಭೂದೇವಿಯ ಕೈಯಲ್ಲಿದ್ದ ನೂಲುವ ಕದಿರು ನಿಂತಿತು. ಮಗಳು ಕೌಶಲ್ಯಾಳಿಗೆ ಹದಿನೇಳು ತುಂಬಿತ್ತು. ಕುಲ ಬಿಟ್ಟವರೆಂದು ಬಂಧುಗಳು ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಿದ್ದರು. ಇತ್ತ ದೇವರೊಬ್ಬನೇ, ನಾವೆಲ್ಲ ಒಂದೇ ಎಂದು ಹಾಡುವವರು ಹೆಣ್ಣು ನೋಡುವ ಹೊತ್ತಿಗೆ ಕುಲ ಕೇಳುತ್ತಿದ್ದರು. ಕುರಿ ಕಾಯುವವರಲ್ಲಿ ಕ್ರೈಸ್ತರಾದ ಮನೆಗಳು ನಾಲ್ಕು; ಮದುವೆಗೆ ನಿಂತ ಹುಡುಗ ಒಬ್ಬನೇ, ಕಾಶಿರಾಮನ ಮಗ. ಕೊಹೀರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಅವನು ಅಪ್ಪನಂತಲ್ಲ, ಮೆತ್ತಗಿನವನು. ಕೌಶಲ್ಯಾ ಯಾರಿಗೂ ಹೇಳದೆ ಮದುವೆಯ ಬಿಳಿ ಕಂಬಳಿಗೆ ನೂಲು ತೆಗೆಯತೊಡಗಿದ್ದನ್ನು ಭೂದೇವಿ ಕಂಡೂ ಕಾಣದಂತಿದ್ದಳು.

"ಇನ್ನೊಂದ ಮಾತದ," ಎಂದ ಕಾಶಿರಾಮ. "ಇನ್ನೂರು ಕಂಬಳಿಗಿ ಉಣ್ಣಿ ಸಾಲಲ್ಲ. ತೊಗಲಿನಿಂದ ಕಿತ್ತಿದ್ದು ತಂದು ಕೂಡಿಸೀವಿ. ಹುಣಸಿಬೀಜದ ಗಂಜಿ ಗಟ್ಟಿ ಹಚ್ಚೀವಿ, ಕಣ್ಣಿಗಿ ಗೊತ್ತಾಗಲ್ಲ."

ಸತ್ತ ಕುರಿಯ ತೊಗಲಿಗೆ ಸುಣ್ಣ ಹಚ್ಚಿ ಕಿತ್ತ ಉಣ್ಣೆಯಲ್ಲಿ ಜೀವವಿರುವುದಿಲ್ಲ. ಗಂಜಿ ಇರುವ ತನಕ ಕಂಬಳಿ ಗಟ್ಟಿ, ಎರಡು ಮಳೆಗೆ ಗಂಜಿ ಕರಗಿದರೆ ಉಳಿಯುವುದು ನಾರುವ ಜಾಳಿಗೆ.

"ನೀರು ಸುರುವಿದ್ರ ಗೊತ್ತಾಗ್ತದಲ್ಲ," ಎಂದಳು ಭೂದೇವಿ.

"ಅರ್ಧ ಪ್ರಾರ್ಥನಿ ತನಕ ನಿಲ್ತದ. ನಾ ಮನ್ಯಾಗ ಮೂರ ಸಲ ಹೇಳಿ ನೋಡೀನಿ. ನೀವು ಜರಾ ಜಲ್ದಿ ಮುಗಿಸ್ರಿ, ಅಷ್ಟೇ. ಸುಳ್ಳೇನ್ ಹೇಳಬ್ಯಾಡ್ರಿ. ಜಲ್ದಿ ಹೇಳಿದ್ರ ದೇವರಿಗಿ ಕೇಳಾಂಗಿಲ್ಲೇನು? ಬಂದಿದ್ರಾಗ ಒಂದ ಪಾಲು ಪ್ರಾರ್ಥನಿ ಗುಡಿಸಲಿಗಿ ಹಂಚ ಹಾಕಸೋಣ."

"ಮತ್ತ ಆ ಕೂಲಿಯವರು?"

"ತಾಂಡೂರಿನವರು ನಮಗೇನಾಗಬೇಕು?" ಎಂದು ಕಾಶಿರಾಮ ಎದ್ದ. "ಸಂತಿ ದಿನ ಆಮೆನ್ ಆತಂದ್ರ, ಮರುದಿನಾನೇ ಮದಿವಿ ನಿಶ್ಚೇ."

ಪ್ರಾರ್ಥನೆಯನ್ನು ಮೋಸಕ್ಕೆ ಅಳತೆಗೋಲು ಮಾಡಿಕೊಂಡು, ಮನೆಯಲ್ಲಿ ಮೂರು ಸಲ ತಾಳೆ ನೋಡಿ ಬಂದವನನ್ನು ಏನೆಂದು ಬೈಯಬೇಕೋ ಭೂದೇವಿಗೆ ತಿಳಿಯಲಿಲ್ಲ. ಧರ್ಮಣ್ಣ ಮಗ್ಗದ ಗುಂಡಿಯಲ್ಲಿ ಕೂತೇ, "ಗಾಳಿ ಬಂದಾಗ ತೂರಕೋಬೇಕು ನೋಡು," ಎಂದ. ಒಳ್ಳೆಯ ಮನುಷ್ಯನೇ, ಆದರೆ ನೆನೆಹಾಕಿದ ಹುಣಸೆಬೀಜದಷ್ಟು ಗಟ್ಟಿ. ಆಕೆ ಅವನನ್ನೊಮ್ಮೆ ನೋಡಿದಳು, ಅವನು ಮತ್ತೆ ಲಾಳಿ ಹಿಡಿದ. ಒಳಗೆ ನೂಲುತ್ತಿದ್ದ ಕೌಶಲ್ಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸಂತೆಗೆ ಇನ್ನು ಮೂರು ದಿನವಿತ್ತು. ಆ ಮೂರು ದಿನ ಭೂದೇವಿ ದೇವರ ಹತ್ತಿರ ಯಾರಿಗೂ ಬುದ್ಧಿ ಬೇಡಲಿಲ್ಲ. ಬೇಡಿದರೆ ಏನು ಸಿಗುತ್ತದೆಂದು ಗೊತ್ತಿತ್ತು.

ಸಂತೆಯ ದಿನ ಬೆಳಿಗ್ಗೆ ವೀರಪ್ಪ ರಾಶಿಯ ಒಳಗಿನಿಂದ ಒಂದು ಕಂಬಳಿ ಎಳೆದ. ಧರ್ಮಣ್ಣ, ಕಾಶಿರಾಮ, ಬಂಡಿಯವನು, ಕೌಶಲ್ಯಾ ನಾಲ್ಕು ಮೂಲೆ ಹಿಡಿದರು. ಭೂದೇವಿ ನೀರು ಸುರಿದು ಪ್ರಾರ್ಥನೆ ಶುರುಮಾಡಿದಳು. ಮೊದಲ ಮಾತುಗಳು ಎಂದಿನ ಹಾಗೆ ನಿಧಾನವಾಗಿಯೇ ಬಂದವು. ತಾನು ಕಾಶಿರಾಮನಂಥವಳಲ್ಲ ಎಂದು ಆಕೆಗೆ ಅನಿಸಿತು. ಆದರೆ ದಿನದ ರೊಟ್ಟಿಯನ್ನು ಬೇಡುವ ಮಾತಿಗೆ ಬಂದಾಗ ಕಣ್ಣು ಕಂಬಳಿಯ ತಳಕ್ಕೆ ಹೋಯಿತು. ಅಲ್ಲಿ ಕಪ್ಪಗೆ ತೇವ ಊರುತ್ತಿತ್ತು. ಅಷ್ಟೇ, ನಾಲಿಗೆ ಓಡತೊಡಗಿತು. ಮಾತಿನ ಮೇಲೆ ಮಾತು ಬಿತ್ತು, ಕ್ಷಮಿಸು ಎಂಬುದು ಅರ್ಧ ನುಂಗಿಹೋಯಿತು. ಕಾಶಿರಾಮನ ಮೀಸೆಯ ಕೆಳಗೆ ನಗೆ ಮೂಡಿತು. ಆ ನಗೆ ಕಂಡೂ ಆಕೆ ನಿಲ್ಲಿಸಲಿಲ್ಲ.

ಆಗ ಇನ್ನೊಂದು ದನಿ ಕೇಳಿತು. ಮೂಲೆ ಹಿಡಿದವರು ಬಾಯಿ ಬಿಡುವ ಪದ್ಧತಿಯಿರಲಿಲ್ಲ. ಆದರೂ ಕೌಶಲ್ಯಾ ಅದೇ ಪ್ರಾರ್ಥನೆಯನ್ನು, ಅವ್ವ ನುಂಗಿದ ಮಾತಿನಿಂದ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದಳು. ಅವ್ವನ ಮುಖ ನೋಡುತ್ತಲೇ ಹೇಳುತ್ತಿದ್ದಳು. ಭೂದೇವಿಯ ಬಾಯಿ ಕಟ್ಟಿತು. ನಮ್ಮನ್ನು ಶೋಧನೆಯಲ್ಲಿ, ಮನಸ್ಸು ಜಾರುವ ಪರೀಕ್ಷೆಯಲ್ಲಿ ಸೇರಿಸಬೇಡ ಎಂದು ಬೇಡಿಕೊಳ್ಳುವ ಜಾಗ ಬಂದಾಗ ಮೊದಲ ಹನಿ ಕೌಶಲ್ಯಾಳ ಪಾದದ ಮೇಲೆ ಬಿತ್ತು. ಅವಳು ಪಾದ ಹಿಂದೆ ತೆಗೆಯಲಿಲ್ಲ, ಪ್ರಾರ್ಥನೆಯನ್ನೂ ಬಿಡಲಿಲ್ಲ. ಆಮೆನ್ ಹೊತ್ತಿಗೆ ನೀರು ಧಾರೆಯಾಗಿ ಬೀಳುತ್ತಿತ್ತು, ಅದರ ಜೊತೆ ತೊಗಲಿನ ನಾತವೂ ಎದ್ದಿತು.

ವೀರಪ್ಪ ಮೂಗಿಗೆ ವಸ್ತ್ರ ಹಿಡಿದ. "ಈ ರಾಶಿ ನನಗ ಬ್ಯಾಡ," ಎಂದು ಖಾಲಿ ಬಂಡಿ ಹೊಡೆಸಿಕೊಂಡು ಹೋದ. ಕಾಶಿರಾಮ ತನ್ನ ಮೂಲೆ ಕೈಬಿಟ್ಟು, ಅಲ್ಲೇ ನಾಲ್ಕು ಜನರ ಮುಂದೆ, ಈ ಮನೆಯ ಹೆಣ್ಣು ತನಗೆ ಬೇಡವೆಂದು ಹೇಳಿ ಹೋದ. ಅವನ ಮೆತ್ತಗಿನ ಮಗ ಅಪ್ಪನ ಮಾತು ಮೀರಲಿಲ್ಲ. ಮೆತ್ತಗಿನವರ ಹಣೆಬರಹವೇ ಅಷ್ಟು.

ಮನೆಗೆ ಬಂದು ಭೂದೇವಿ ಹೊಸ್ತಿಲ ಮೇಲೆ ಕೂತಳು. ಇಷ್ಟು ವರ್ಷ ಊರನ್ನೆಲ್ಲ ಜರಡಿ ಹಿಡಿದಿದ್ದಳು; ಇಂದು ಜರಡಿಯಲ್ಲಿ ತಾನೇ ಹೊಟ್ಟಾಗಿ ಉಳಿದದ್ದು ಆಕೆಗೆ ಕಂಡಿತು. ಕಾಶಿರಾಮನ ಮೇಲಿದ್ದ ಅಸಹ್ಯವೆಲ್ಲ ತಿರುಗಿ ತನ್ನ ಮೇಲೇ ಬಂತು.

"ನಿನ್ನ ಬಾಳು ನೀನೇ ಕೆಡಿಸಿಕೊಂಡ್ಯಲ್ಲೇ," ಎಂದಳು.

ಕೌಶಲ್ಯಾ ಪಾದ ತೊಳೆದುಕೊಳ್ಳುತ್ತಿದ್ದಳು. ಅತ್ತಿದ್ದಳೆಂಬುದು ಮುಖದಲ್ಲಿ ಗೊತ್ತಾಗುತ್ತಿತ್ತು.

"ಆ ಮನಿಗಿ ಹೋದ ಮ್ಯಾಲ ದಿನಾ ಸಂಜಿಕ ಅದೇ ಪ್ರಾರ್ಥನಿ ಹೇಳಬೇಕಲ್ಲವ್ವಾ. ಯಾವ ಬಾಯ್ಲೆ ಹೇಳ್ತಿದ್ದೆ?"

 ಆ ಸಂಜೆ ಭೂದೇವಿ ಮೊದಲ ಸಲ ದೇವರ ಹತ್ತಿರ ತನಗೆ ಬುದ್ಧಿ ಬೇಡಿದಳು. ಮುಂದಿನ ಸಂತೆಗೆ ವೀರಪ್ಪ ಬಂದು ಬೇರೆ ರಾಶಿಯಿಂದ ಕಂಬಳಿ ಎಳೆದಾಗ, ಆಕೆ ತಂಬಿಗೆಯನ್ನು ಮಗಳ ಕೈಗೆ ಕೊಟ್ಟು, ತಾನು ಹೋಗಿ ಒಂದು ಮೂಲೆ ಹಿಡಿದು ನಿಂತಳು.