ಸೂಜಕ್ಕನ ಕಿಟಕಿ ಮುಂದಿನ ಚಾರ್ಜಿಂಗ್ ಕಂಬ

ಬೀದಿಯವರೆಲ್ಲ ಅವಳನ್ನು ಸೂಜಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲೇ ಮನೆಯ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡವಳು. ಶಾಲೆಯ ಸಮವಸ್ತ್ರ, ಪರದೆ, ಕಿತ್ತುಹೋದ ಜಿಪ್ಪು, ಏನು ತಂದರೂ ಇಲ್ಲ ಅನ್ನುತ್ತಿರಲಿಲ್ಲ. ಯಂತ್ರ ಇದ್ದದ್ದು ಕಿಟಕಿಯ ಪಕ್ಕದಲ್ಲಿ. ಐವತ್ತು ದಾಟಿದ ಮೇಲಂತೂ ಆ ಬೆಳಕಿಲ್ಲದೆ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು.

ಅಂಥ ಕಿಟಕಿಯ ಎದುರಿಗೇ ನಗರಸಭೆಯವರು ಒಂದು ಬೆಳಿಗ್ಗೆ ಫುಟ್‌ಪಾತ್ ಅಗೆದು, ಎದೆಮಟ್ಟದ ಹಸಿರು ಕಂಬವೊಂದನ್ನು ನೆಟ್ಟರು. ವಿದ್ಯುತ್ ಕಾರುಗಳಿಗೆ ಚಾರ್ಜ್ ಮಾಡುವ ಕಂಬ.

"ಇದ್ಯಾಕಪ್ಪ ಇಲ್ಲಿ? ನಮ್ಮ ಬೀದೀಲಿ ಅಂಥ ಕಾರು ಯಾರ ಹತ್ರಾನೂ ಇಲ್ವಲ್ಲ?" ಎಂದು ಅಲ್ಲೇ ನಿಂತಿದ್ದ ನಗರಸಭೆಯ ಎಂಜಿನಿಯರನ್ನು ಕೇಳಿದಳು.

"ಕಾರು ನಿಲ್ಲಿಸೋಕೆ ಸ್ವಂತ ಜಾಗ ಇಲ್ಲದ ಬೀದಿಗಳಿಗೆ ಮೊದಲು ಅಂತ ನೀತಿ ಆಗಿದೆ ಅಮ್ಮಾ. ಕಂಬ ಬಂದ್ರೆ ಕಾರೂ ಬರುತ್ತೆ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದನ್ನ ನಾನೂ ಕಂಡಿದೀನಿ. ಅದನ್ನ ಪಕ್ಕದ ಮನೆ ಬಾಗಿಲಿಗೆ ನೇತು ಹಾಕೋದನ್ನ ಮಾತ್ರ ಈಗ್ಲೇ ಕಂಡಿದ್ದು."

ಕಾರುಗಳೇನೋ ಬಂದವು, ಬೇರೆ ಬೀದಿಗಳಿಂದ. ಬೀರುವಿನಂಥ ದೊಡ್ಡ ಕಾರುಗಳು ಬಂದು ನಿಂತರೆ ಮುಂಕೋಣೆಯಲ್ಲಿ ಹಗಲೇ ಮಬ್ಬು. ಕಡುನೀಲಿ ಪ್ಯಾಂಟಿಗೆ ಕಪ್ಪು ದಾರ ಹಾಕಿ, ಆಮೇಲೆ ಬಿಚ್ಚುತ್ತ ಕೂತಳು. ಸಾಲದ್ದಕ್ಕೆ ಗಳಿಗೆಗೊಮ್ಮೆ ಬಾಗಿಲ ಗಂಟೆ. "ಅಮ್ಮಾ, ವೈರು ಕಚ್ಕೊಂಡಿದೆ, ಬರ್ತಿಲ್ಲ." "ಅಮ್ಮಾ, ಕಾರ್ಡು ಎಲ್ಲಿಡ್ಬೇಕು?" ಕಂಬ ತನ್ನದಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ರೇಗಿಹೋಗಿ ನಗರಸಭೆಗೆ ಹೋದಳು. ಅದನ್ನು ಕಿತ್ತುಬಿಡಿ ಎಂದು ದೂರು ಕೊಟ್ಟಳು. ನೋಡೋಣ ಎಂದರು.

ಅವರು ನೋಡುತ್ತಿರುವಾಗಲೇ ಸೂಜಕ್ಕನ ಮನೆಯಲ್ಲಿ ಬೇರೇನೋ ಆಯಿತು. ಚಾರ್ಜ್ ಆಗಲಿ ಎಂದು ಕಾಯುತ್ತಿದ್ದವನೊಬ್ಬ ಕೋಟಿನ ಗುಂಡಿ ಹಾಕಿಸಿಕೊಂಡು ಹೋದ. ಮರುವಾರ ಅವನ ಹೆಂಡತಿ ಪರದೆ ಬಟ್ಟೆ ತಂದಳು. ಕಾಯುವವರಿಗೆ ಕೆಲಸ ಬೇಕು, ಕೂರಲು ಒಂದು ಸ್ಟೂಲು ಬೇಕು, ಎರಡು ಮಾತು ಬೇಕು. ಅದೆಲ್ಲ ತನಗೂ ಬೇಕಾಗಿತ್ತೆಂದು ಸೂಜಕ್ಕನಿಗೆ ಆಗಲೇ ತಿಳಿದದ್ದು. ಒಂದು ಮೇಜುದೀಪ ತಂದುಕೊಂಡಳು, ಬೈಯುವುದು ನಿಂತೇಹೋಯಿತು. ಬೇಕರಿಯಲ್ಲಿ ಕೆಲಸ ಮಾಡುವ ಗಂಡನಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಸಂಜೆ ಬಂದರೆ ಅವನ ಸ್ಕೂಟರಿಗೆ ಜಾಗವಿರುತ್ತಿರಲಿಲ್ಲ.

ಅಷ್ಟರಲ್ಲಿ ಅದೇ ಎಂಜಿನಿಯರು ಕೂಲಿಗಳೊಂದಿಗೆ ಬಂದಿಳಿದ. "ನಿಮ್ಮ ದೂರಿನ ಪ್ರಕಾರ ಕೀಳೋಕೆ ಬಂದಿದೀವಿ."

ಸೂಜಕ್ಕ ಹೊಲಿಗೆ ಬಿಟ್ಟು ಹೊರಗೆ ಓಡಿಬಂದಳು. "ಅಯ್ಯೋ, ಬೇಡಪ್ಪಾ!"

"ನೀವೇ ತಾನೇ ಕೀಳಿ ಅಂದಿದ್ದು?"

"ಹೌದು, ಅಂದಿದ್ದೆ."

"ಈಗ?"

ಅಂದು ರಜೆಯಲ್ಲಿದ್ದ ಗಂಡ ಬಾಗಿಲಿಗೆ ಬಂದು ಕೂಗಿದ: "ಕೀಳ್ರಪ್ಪಾ ಕೀಳ್ರಿ!" ಎಂಜಿನಿಯರು ಇಬ್ಬರ ಮುಖವನ್ನೂ ನೋಡಿ, ಕಂಬಕ್ಕೆ ಗೋಣಿಚೀಲ ಮುಚ್ಚಿಸಿ, ಅಹವಾಲು ಸಭೆಗೆ ಬನ್ನಿ ಎಂದು ಹೇಳಿ ಹೋದ.

ಸಭೆಯಲ್ಲಿ ಕಂಬ ಬೇಕೆನ್ನುವವರಿಗೆ ಬಲಗಡೆ ಕುರ್ಚಿ, ಬೇಡವೆನ್ನುವವರಿಗೆ ಎಡಗಡೆ. ಗಂಡ ನೆಟ್ಟಗೆ ಹೋಗಿ ಎಡಗಡೆ ಕೂತ. ದೂರು ಕೊಟ್ಟವಳು ಅವಳೇ, ಈಗ ಬೇಕೆನ್ನುವವಳೂ ಅವಳೇ. ಎಲ್ಲಿ ಕೂರುವುದು? ಅತ್ತ ದರಿ, ಇತ್ತ ಪುಲಿ. ಗೋಡೆಗೆ ಒರಗಿ ನಿಂತೇ ಇದ್ದಳು. ಅವಳ ಸರದಿ ಬಂದಾಗ, "ಬೆಳಕು ಹೋಗುತ್ತೆ, ಅದು ನಿಜ. ಆದ್ರೆ ಜನ ಬರ್ತಾರೆ, ಅದೂ ನಿಜ," ಎಂದಳು. ಅಧ್ಯಕ್ಷರು ತಲೆಯಾಡಿಸಿದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಆದೇಶ ಬಂತು: ಕಂಬ ಇರಲಿ, ಆದರೆ ಹಗಲು ನಿವಾಸಿಗಳ ಬೆಳಕಿಗೆ ತೊಂದರೆಯಾಗದಂತೆ ಸಂಜೆಯಿಂದ ಬೆಳಗಿನವರೆಗೆ ಮಾತ್ರ ಚಾರ್ಜ್ ಮಾಡಬೇಕು.

ಹಗಲು ಬೆಳಕು ಬಂತು, ಜನ ಹೋದರು. ಗಂಡ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಕಾರು ಬಂದು ನಿಲ್ಲತೊಡಗಿತು. ಅವನು ಗೊಣಗುತ್ತ ಸ್ಕೂಟರನ್ನು ಹಿಂದಿನ ಬೀದಿಗೆ ತಳ್ಳಿಕೊಂಡು ಹೋಗುತ್ತಿದ್ದ. ಕೆಲವು ದಿನ ಮಂಕಾಗಿ ಕೂತಿದ್ದ ಸೂಜಕ್ಕ ಆಮೇಲೆ ಬೆಳಗಾಗುತ್ತಲೇ ಬಾಗಿಲು ತೆರೆದಿಡಲು ಶುರುಮಾಡಿದಳು. ರಾತ್ರಿ ಚಾರ್ಜಿಗೆ ಬಿಟ್ಟುಹೋದ ಕಾರು ಒಯ್ಯಲು ಬರುವವರು ಆತುರದಲ್ಲೇ ಬಟ್ಟೆ ಕೊಟ್ಟು ಹೋಗುತ್ತಾರೆ. ಕೂರುವುದಿಲ್ಲ, ಆದರೂ ಬರುತ್ತಾರೆ.

"ಏನಕ್ಕಾ, ನಗರಸಭೇಲಿ ನಿನ್ ಮಾತೇ ನಡೀತಂತೆ?" ಎಂದು ಮೊನ್ನೆ ಎದುರುಮನೆಯಾಕೆ ಕೇಳಿದಳು.

"ನಡೀತು ಅಂತ್ಲೇ ಹೇಳಿದ್ರು ಕಣೇ," ಎಂದಳು ಸೂಜಕ್ಕ, ದಾರ ಕಚ್ಚಿ ತುಂಡರಿಸುತ್ತ. "ಯಾವ ಮಾತು ಅಂತ ಮಾತ್ರ ನಂಗಿನ್ನೂ ಗೊತ್ತಾಗಿಲ್ಲ."