ಚಿಕ್ಕವ್ವ ಹಾಕಿದ ಉಪ್ಪಿನಕಾಯಿ

ಪ್ಲೇಗು ಬಂತೆಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದ ಗುಡಿಸಲು ಸೇರುತ್ತಿದ್ದ ಕಾಲವದು, ಮಹಾರಾಜರ ಕಾಲ. ಗುಡಿಸಲಲ್ಲಿ ದಿನಾ ಸಾರು ಎಲ್ಲಿಂದ ಬರಬೇಕು? ಗಂಟಲಲ್ಲಿ ಮುದ್ದೆ ಇಳಿಯಬೇಕಾದರೆ ಉಪ್ಪಿನಕಾಯಿಯೇ ಗತಿ. ಹಾಗಾಗಿ ಸಿಂಗಟಗೆರೆ ಸುತ್ತಿನ ನಮ್ಮಂಥ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಹೆಂಗಸಿಗೆ ದೊಡ್ಡ ಮರ್ಯಾದೆ. ಅದು ಕೆಟ್ಟರೆ ಮಾತ್ರ "ಅವಳ ಕೈ ಆಗಿಬರಲ್ಲ" ಎನ್ನುತ್ತಿದ್ದರು. ಆ ಮಾತು ಒಮ್ಮೆ ಅಂಟಿದರೆ ಬಿಡುತ್ತಿರಲಿಲ್ಲ.

ಆ ಬೇಸಿಗೆ ಅಜ್ಜಿ ಆ ಕೆಲಸವನ್ನು ಮೊದಲ ಸಲ ಚಿಕ್ಕವ್ವನಿಗೆ ವಹಿಸಿದಳು. ಚಿಕ್ಕವ್ವ ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಪಂಚನಹಳ್ಳಿಯ ಹೆಣ್ಣು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಚಿಕ್ಕಪ್ಪನಿಗೆ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಆಗಲೇ ಓಡಾಡುತ್ತಿತ್ತು.

"ಯುಗಾದಿಗಂಟ ಕೆಡದೆ ಇರ್ಲಿ, ಆಮೇಲೆ ನೋಡಾಣ," ಅಂದಳು ಅಜ್ಜಿ.

ಚಿಕ್ಕವ್ವ ಒಂದೊಂದು ಮಾವಿನ ಹೋಳನ್ನೂ ಕೂಸಿನ ಮೈ ಒರೆಸುವ ಹಾಗೆ ಒರೆಸಿದಳು. ಉಪ್ಪು ಹುರಿದಳು, ಸಾಸಿವೆ ಕುಟ್ಟಿದಳು. ಇಂಗಿನ ವಾಸನೆಗೆ ನಾನು ಕುಂಟೆಬಿಲ್ಲೆ ಬಿಟ್ಟು ಓಡಿ ಬಂದರೆ, "ಬೆವರು ಕೈ ಕಣೇ ಪುಟ್ಟಿ, ಮುಟ್ಬ್ಯಾಡ," ಎಂದು ತಾನೇ ಒಂದು ಹೋಳು ನನ್ನ ಬಾಯಿಗಿಡುತ್ತಿದ್ದಳು.

ದಸರೆಗೆ ಜಾಡಿಯ ಬಾಯಿಬಟ್ಟೆ ಬಿಚ್ಚಿದಾಗ ಘಮ್ಮೆಂದಿತು. ಅಜ್ಜಿ ಕೇಳಿ ಮತ್ತೆ ಬಡಿಸಿಕೊಂಡಳು. ಅಂದು ಚಿಕ್ಕವ್ವ ಬೀಸುಕಲ್ಲಿನ ಮುಂದೆ ಕೂತು ಎಷ್ಟು ಹೊತ್ತು ಹಾಡಿದಳೋ.

ಕೆಲವೇ ದಿನಕ್ಕೆ ನಮ್ಮ ಕೇರಿಯಲ್ಲಿ ಇಲಿಗಳು ಸತ್ತು ಬಿದ್ದವು. ಗಾಡಿ ಕಟ್ಟಿದೆವು. ಹೊರಡುವ ಮುಂಚೆ ಅಜ್ಜಿ ಮಾರಮ್ಮನ ಗುಡಿಯಿಂದ ತಂಬಿಗೆ ತುಂಬ ತೀರ್ಥ ತಂದು, ಬೇವಿನ ಸೊಪ್ಪಿನಿಂದ ನಮ್ಮ ತಲೆಗೆ, ದನಗಳಿಗೆ, ರಾಗಿ ಚೀಲಕ್ಕೆ ಚಿಮುಕಿಸಿದಳು. ಜಾಡಿಯನ್ನೂ ಬಿಚ್ಚಿ ಒಳಗೊಂದಿಷ್ಟು ಹಾಕಿದಳು. ಚಿಕ್ಕವ್ವನ ಕೈ ತಡೆಯಲೆಂದು ಮುಂದೆ ಹೋಯಿತು, ಹಾಗೇ ಹಿಂದೆ ಬಂತು. ಅಮ್ಮನ ತೀರ್ಥಕ್ಕೆ ಅಡ್ಡ ಬರುವವರು ಯಾರು?

ದೀಪಾವಳಿಯ ಹೊತ್ತಿಗೆ ಜಾಡಿಯಲ್ಲಿ ಬಿಳಿ ಬೂಸ್ಟು. ಮುಗ್ಗಲು ವಾಸನೆ ಗುಡಿಸಲೆಲ್ಲ ತುಂಬಿತು.

"ಒಳೀಕೆ ನೀರು ಬಿತ್ತಲ್ಲ ಅತ್ತೆಮ್ಮ, ಅದ್ಕೇ..." ಅಂದಳು ನಮ್ಮವ್ವ.

"ಏನಂದೆ? ಅಮ್ಮನ ತೀರ್ಥ ಕೆಡಿಸ್ತದಾ? ಊರಲ್ಲಿ ಹೆಣ ಬೀಳ್ತಾ ಅವೆ, ಬಾಯಿ ಮುಚ್ಕಂಡಿರು!"

ಅವ್ವ ಮಕ್ಕಳಾದ ನಮ್ಮ ಕಡೆ ಹೆದರಿ ನೋಡಿದಳು, ಜಾಡಿಯನ್ನು ಮೂಲೆಗೆ ಸರಿಸಿದಳು. ತೀರ್ಥ ಕೆಡಿಸದು ಎಂದ ಮೇಲೆ ಕೆಡಿಸಿದ್ದು ಚಿಕ್ಕವ್ವನ ಕೈಯೇ ಆಗಬೇಕು.

"ಇನ್ನೊಂದ್ಸಲ ಹಾಕ್ತೀನಿ ಅತ್ತೆಮ್ಮ. ಮುಂದಿನ ಬ್ಯಾಸಿಗೇಲಿ, ಒಂದೇ ಒಂದ್ಸಲ," ಎಂದು ಚಿಕ್ಕವ್ವ ಅಜ್ಜಿಯ ಕಾಲು ಹಿಡಿದಳು. ಚಿಕ್ಕಪ್ಪ ಕೇಳಿಯೂ ಕೇಳದವನಂತೆ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ವಾರವೇ ಗಾಡಿ ಪಂಚನಹಳ್ಳಿಗೆ ಹೋಗಿ ಅವಳನ್ನು ತವರಲ್ಲಿ ಇಳಿಸಿ ಬಂತು. ಅವಳು ಮತ್ತೆ ಬರಲಿಲ್ಲ.

ಆ ಚಳಿಗಾಲ ನಮ್ಮ ಗುಡಿಸಲಲ್ಲಿ ಯಾರಿಗೂ ಪ್ಲೇಗಿನ ಗಂಟು ಏಳಲಿಲ್ಲ. ತೀರ್ಥವೇ ಕಾಯಿತು ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

ಈಗ ಪೇಟೆಯಲ್ಲಿ ಸೀಸೆ ತುಂಬಿದ ಉಪ್ಪಿನಕಾಯಿ ಸಿಗುತ್ತದೆ, ಯಾರ ಕೈಯದೆಂದು ಯಾರೂ ಕೇಳುವುದಿಲ್ಲ. ಪ್ಲೇಗು ಹೋಯಿತು, ಗುಡಿಸಲುಗಳೂ ಹೋದವು. ಹೋಗಲಿ, ಅವಕ್ಕಾಗಿ ನಾನು ಅಳುವವಳಲ್ಲ. ಆದರೆ ಆ ವರ್ಷದ ಮಾತು ಬಂದಾಗಲೆಲ್ಲ ನೆಂಟರು ನಮ್ಮ ಮನೆಯ ಪುಣ್ಯ ಹೊಗಳುತ್ತಾರೆ, ಒಬ್ಬರನ್ನೂ ಕಳಕೊಳ್ಳದ ಮನೆ ಎನ್ನುತ್ತಾರೆ. ಪ್ಲೇಗಿಗೆ ನಾವು ಯಾರನ್ನೂ ಕೊಡಲಿಲ್ಲ, ನಿಜ. ಚಿಕ್ಕವ್ವನನ್ನು ನಾವೇ ಕಳೆದೆವು.