ಸತ್ತ ಕ್ರಿಮಿಗಳ ಸಾಕ್ಷಿ

ನೀರಿನ ಮೇಲೆ ನನಗೆ ನಂಬಿಕೆ ಹೋಗಿ ಎಷ್ಟೋ ಕಾಲವಾಯಿತು. ತರೀಕೆರೆಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ ನನ್ನದು. ಅಜ್ಜಂಪುರದ ಮದುವೆಮನೆಯಲ್ಲಿ ಪಾನಕ ಕೊಟ್ಟರೂ ಲೋಟದ ತಳ ನೋಡುತ್ತೇನೆ. ನೆಂಟರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಅವರು ಕುಡಿಯುವುದರಲ್ಲಿ ಏನೇನಿದೆ ಎಂದು ನನಗೆ ಗೊತ್ತು.

ಅಕ್ಕನನ್ನು ಕೊಟ್ಟಿದ್ದು ಸಿಂಗಟಗೆರೆ ಕಡೆಯ ಹಳ್ಳಿಗೆ. ಆ ವರ್ಷ ಅವಳ ಪುಟ್ಟ ಮಗಳಿಗೆ ಭೇದಿ ನಿಂತ ಹಾಗಾಗುವುದು, ಮತ್ತೆ ಶುರುವಾಗುವುದು. ಕೊನೆಗೆ ಕಡೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿತು. ಕಣ್ಣು ಗುಳಿಬಿದ್ದು, ಅಳುವುದಕ್ಕೂ ಶಕ್ತಿಯಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಮಗು ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆದರೆ ಆ ಊರಿನ ನಲ್ಲಿನೀರು ನಮ್ಮ ಲ್ಯಾಬಿನಲ್ಲಿ ಪ್ರತಿ ಸಲವೂ ಪಾಸು. ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸಿ ನೋಡುವುದು ನಮ್ಮ ಕ್ರಮ, ಜೀವವಿದ್ದರಷ್ಟೇ ಬೆಳೆಯುತ್ತವೆ; ಏನೂ ಬೆಳೆಯುತ್ತಿರಲಿಲ್ಲ.

ಹೊಸದಾಗಿ ಬಂದಿದ್ದ ಪಿಸಿಆರ್ ಯಂತ್ರದಲ್ಲಿ ಅದೇ ನೀರನ್ನು ಪರೀಕ್ಷಿಸಿದೆ. ಅದು ಕ್ರಿಮಿಯನ್ನು ಬೆಳೆಸುವುದಿಲ್ಲ, ಅದರ ಡಿಎನ್‌ಎ ಹುಡುಕುತ್ತದೆ, ಸತ್ತಿದ್ದರೂ ಬಿಡುವುದಿಲ್ಲ. ಪರದೆಯ ಮೇಲೆ ಗೆರೆ ಸರ್ರನೆ ಏರಿತು. ಮನುಷ್ಯರ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಕಣ್ಣಿಗೆ ತಿಳಿಯಾಗಿದ್ದ ಆ ನೀರಿನಲ್ಲಿ ಯಾರದೋ ಮಲವಿತ್ತು. ಫಲಿತಾಂಶವನ್ನು ಲ್ಯಾಬಿನ ಮೇಲಧಿಕಾರಿಗಳಿಗೆ ತೋರಿಸಿದೆ. ಸತ್ತಿವೆಯಲ್ಲ ಬಿಡಿ, ಎಂದರು. ಹೆಣ ತೇಲಿದ ಬಾವಿಯ ನೀರನ್ನು ಇವರು ಕುಡಿಯುತ್ತಾರೆಯೇ?

ಅವು ಸತ್ತಿದ್ದು ಹೇಗೆಂದು ತಿಳಿಯಲು ಊರಿಗೇ ಹೋಗಿ, ಟ್ಯಾಂಕಿನಿಂದ ನೀರು ಬಿಡುವವನನ್ನು ಕೇಳಿದೆ.

"ಲ್ಯಾಬ್‌ನೋರು ಬತ್ತಾರೆ ಅಂತ ಫೋನ್ ಬಂದ್ರೆ ಬೆಳಿಗ್ಗೇನೇ ಟ್ಯಾಂಕಿಗೆ ಬ್ಲೀಚಿಂಗ್ ಪೌಡ್ರು ಸುರಿದ್ಬಿಡ್ತೀನಿ ಕಣಕ್ಕ. ನೆಂಟ್ರು ಬತ್ತಾರೆ ಅಂದ್ರೆ ಬಾಗ್ಲು ಸಾರಿಸಲ್ವಾ, ಹಂಗೆ. ಬಂದೋರಿಗೆ ಕೊಳಕು ನೀರು ತುಂಬ್ಕೊಡಕಾಯ್ತದಾ?"

"ಮಿಕ್ಕಿದ್ ದಿನ?"

"ಮಿಕ್ಕಿದ್ ದಿನ ನಾವೇ ತಾನೆ ಕುಡಿಯಾದು."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಮರ್ಯಾದೆ ಮಾಡಿದ ಸಂತೋಷವಿತ್ತು, ಅದನ್ನು ಕಂಡು ಇನ್ನಷ್ಟು ಅಸಹ್ಯವಾಯಿತು.

ನೀರಿನ ಪೈಪಿನ ಜಾಡು ಹಿಡಿದು ನಡೆದೆ. ಅಕ್ಕನ ಮನೆಯ ಹಿಂದೆ ಅದು ಚರಂಡಿಯಲ್ಲಿ ಮುಳುಗಿತ್ತು. ಜಾಯಿಂಟು ಒಡೆದ ಕಡೆ ಸೈಕಲ್ ಟ್ಯೂಬು ಸುತ್ತಿದ್ದರು. ಸುತ್ತ ಕಪ್ಪು ರೊಚ್ಚು, ಮಿಜಿಗುಟ್ಟುವ ಹುಳು, ಮೂಗು ಬಿಡಲಾಗದ ನಾತ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಆ ಹೊಲಸನ್ನೇ ಒಳಗೆಳೆದುಕೊಳ್ಳುತ್ತಿತ್ತು. ಲ್ಯಾಬಿನವರು ಬರುವ ದಿನ ಮಾತ್ರ ಟ್ಯಾಂಕಿನ ಬ್ಲೀಚಿಂಗ್ ನೀರು ಹರಿದು ಅದರ ಕ್ರಿಮಿಗಳನ್ನು ಕೊಲ್ಲುತ್ತಿತ್ತು. ಅಲ್ಲೇ ಪಕ್ಕದಲ್ಲಿ ಇನ್ನೊಂದು ಪೈಪು ಬಾಯಿ ಬಿಟ್ಟುಕೊಂಡಿತ್ತು, ಅಕ್ಕನ ಮನೆಯ ಕಕ್ಕಸಿನದು. ಗುಂಡಿ ತೋಡಿಸಿದರೆ ಎರಡು ತೆಂಗಿನ ಸಸಿಯ ಜಾಗ ಹೋಗುತ್ತದೆಂದು ಚರಂಡಿಗೇ ಬಿಟ್ಟಿದ್ದರು.

ಅಕ್ಕನ ಅತ್ತೆಯನ್ನು ಕರೆದು ತೋರಿಸಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಮ್ಮನೇದೇ ಅಂತ ನಿಮ್ ಮಿಷಿನ್ ಹೇಳ್ತದೇನವ್ವಾ?"

"ಮನುಷ್ಯರದು ಅಂತ ಹೇಳ್ತದೆ. ಯಾರ್ ಮನೇದು ಅಂತ ಹೇಳಲ್ಲ ಅತ್ತೆ."

"ಹಂಗಾರೆ ಬಿಡು," ಎಂದರು. ಮುಖ ಸಡಿಲಾಯಿತು. "ಒಳಗ್ ಬಾ, ಕಾಫಿ ಕಾಯಿಸ್ತೀನಿ."

ಮಾರನೆಯ ದಿನ ಅವರ ಮೊಮ್ಮಗಳು ಆಸ್ಪತ್ರೆಯಿಂದ ಈ ನೀರಿಗೇ ಬರುವವಳಿದ್ದಳು. ನಾನು ಒಳಗೆ ಹೋಗಲಿಲ್ಲ. ಕೊಟ್ಟಿಗೆಯಿಂದ ಗೋಣಿಚೀಲ ತಂದು ಕಕ್ಕಸಿನ ಪೈಪಿನ ಬಾಯಿಗೆ ತುರುಕಿ, ಕಲ್ಲು ಒತ್ತಿ, ಮೇಲೆ ಮಣ್ಣು ಮೆತ್ತಿದೆ. ಕೈಗೆ ಮೆತ್ತಿದ್ದನ್ನು ನೋಡಿಕೊಳ್ಳಲು ನನಗೇ ಆಗಲಿಲ್ಲ.

"ಅಯ್ಯೋ, ಕಟ್ಕಳತ್ತಲ್ಲೇ. ಒಳಿಕ್ಕೆ ತುಂಬ್ಕಂಡು ಬಂದ್ರೆ?" ಎಂದರು ಅತ್ತೆ.

"ಬರ್ಲಿ ಅತ್ತೆ," ಎಂದೆ. "ನಿಮ್ ನಡುಮನೆಗೇ ಬರ್ಲಿ. ಆಗ ಯಾರ್ ಮನೇದು ಅಂತ ಕೇಳಕ್ಕೆ ಮಿಷಿನ್ ಬೇಕಾಗಲ್ಲ."